ಕಲ್ಲಿನ ಮೇಲೆ ಲೀಸಿಯ ಜಾಗ

ರೋಸೆತ್ ಷೂರ್ಖ್‌ಗೆ ಸುಲಭಕ್ಕೆ ಹೇಸಿಗೆಯಾಗುತ್ತಿರಲಿಲ್ಲ. ಹಳ್ಳಿಶಾಲೆಯಲ್ಲಿ ಮೂರು ತಲೆಮಾರಿನ ಮಕ್ಕಳ ಮೂಗು ಒರೆಸಿದವಳು, ಅಣ್ಣನ ಕೊಟ್ಟಿಗೆಯಲ್ಲಿ ಸಗಣಿ ಬಾಚಿದವಳು, ಹಾಸಿಗೆ ಹಿಡಿದ ಗಂಡನ ಬೆನ್ನುಹುಣ್ಣನ್ನು ಎರಡು ಚಳಿಗಾಲ ತೊಳೆದವಳು. ಅವಳಿಗೆ ಓಕರಿಕೆ ಬರುತ್ತಿದ್ದುದು ಒಳ್ಳೆಯ ಮಾತು ಕೇಳಿದಾಗ. ಈ ಮಾರ್ಚಿನಲ್ಲಿ ಅವಳನ್ನು ಮಣ್ಣು ಮಾಡಿದ ದಿನ ಎದ್ದು ನಿಂತು ಮಾತಾಡಿದವರೆಲ್ಲ ಅವಳ ಸಹನೆಯನ್ನು ಹೊಗಳಿದರು. ಕಲ್ಲಿನ ಸುದ್ದಿಯನ್ನು ಒಬ್ಬರೂ ಎತ್ತಲಿಲ್ಲ. ಅದನ್ನು ಬಿಟ್ಟರೆ ರೋಸೆತ್ ಯಾರೆಂಬುದೇ ತಿಳಿಯುವುದಿಲ್ಲ.

ಕಲ್ಲಿಗಿಂತ ಮೊದಲು ಅವಳ ಅಜ್ಜಿ ಲೀಸಿಯ ಕಥೆ. ಲೀಸಿಯ ಅಪ್ಪ ಕ್ರಿಸ್ತೆನ್ ಗೆರ್ಬರ್ ಸ್ವಿಸ್ ನಾಡಿನ ಎಮ್ಮೆನ್‌ತಾಲ್ ಕಣಿವೆಯ ಇದೇ ಊರಿನ ನೇಕಾರ. ಅಮೆರಿಕದಿಂದ ಬಂದ ಮೋರ್ಮನ್ ಎಂಬ ಹೊಸ ಕ್ರೈಸ್ತ ಪಂಥದ ಪ್ರಚಾರಕರ ಮಾತು ಕೇಳಿ ಹೊಳೆಯಲ್ಲಿ ಮುಳುಗಿ ದೀಕ್ಷೆ ಪಡೆದ. ಊರಿನವರು ಅವನ ಬಾಗಿಲಿಗೆ ಗಂಜಲದ ಬಾನಿ ಸುರಿದರು, ಅವನ ಬಟ್ಟೆ ಕೊಳ್ಳುವುದನ್ನು ಬಿಟ್ಟರು. ಯೂಟಾದ ಬೆಟ್ಟಗಳ ನಡುವೆ ಸಂತರ ನಾಡು ಕಟ್ಟುತ್ತಿದ್ದಾರೆ, ಅದೇ ನಮ್ಮ ಸೀಯೋನ್, ದೇವರು ಮಾತು ಕೊಟ್ಟ ನೆಲ ಎಂದು ಅವನು ಹೆಂಡತಿ ಮಕ್ಕಳೊಂದಿಗೆ ಹೊರಟ. ಐದು ಮಕ್ಕಳಲ್ಲಿ ಕೊನೆಯವಳು ಲೀಸಿ, ಏಳು ವರ್ಷದವಳು. ಹುಟ್ಟಿನಿಂದ ಸೊಂಟ ಸೊಟ್ಟ, ಕುಂಟುತ್ತಿದ್ದಳು. ಕುಂಟರನ್ನು ಕಂಡರೆ ಆಚೆ ಬಂದರಿನಲ್ಲಿ ಇಡೀ ಕುಟುಂಬವನ್ನೇ ಹಡಗಿಗೆ ವಾಪಸು ಹತ್ತಿಸುತ್ತಾರೆಂದು ಯಾರೋ ಹೇಳಿದ್ದರು. ಹೊರಡುವ ಬೆಳಿಗ್ಗೆ ಅಪ್ಪ ಅವಳನ್ನು ಲಿಂಡನ್ ಮರದ ಕಟ್ಟೆಯ ಮೇಲೆ ಕೂರಿಸಿ, ಕೈಗೊಂದು ಬ್ರೆಡ್ಡು ಕೊಟ್ಟು, "ಗಾಡೀಲಿ ಜಾಗ ಸಾಲಲ್ಲ ಮಗಾ, ಇನ್ನೊಂದು ತರ್ತೀನಿ, ಇಲ್ಲೇ ಕೂತಿರು" ಎಂದ.

ಲೀಸಿ ಕೂತಳು. ಬ್ರೆಡ್ಡು ಮುಗಿಯಿತು. ಮಾರನೆಯ ವಾರ ಊರಿನ ಹಿರಿಯರು ಹೋಟೆಲಿನಲ್ಲಿ ಸೇರಿ, ಈ ಹುಡುಗಿಯನ್ನು ಸಾಕಲು ಪಂಚಾಯ್ತಿಯಿಂದ ಯಾರು ಎಲ್ಲರಿಗಿಂತ ಕಡಿಮೆ ಹಣ ಕೇಳುತ್ತೀರಿ ಎಂದು ಕೂಗಿದರು. ಕಡಿಮೆ ಕೇಳಿದ ರೈತ ಅವಳನ್ನು ಕೊಟ್ಟಿಗೆಯ ಅಟ್ಟದಲ್ಲಿ ಮಲಗಿಸಿ ಹದಿನಾರರ ತನಕ ದುಡಿಸಿದ.

ಇದನ್ನೆಲ್ಲ ಅಜ್ಜಿ ಹುರುಳಿಕಾಯಿ ಸೋಸುತ್ತ, ಬೇರೆ ಯಾರದೋ ಕಥೆಯೆಂಬಂತೆ ಹೇಳುತ್ತಿದ್ದಳು. ಮುದಿತನದಲ್ಲಿ ಮತ್ತೆ ಇಬ್ಬರು ಮೋರ್ಮನ್ ಹುಡುಗರು ಬಾಗಿಲು ತಟ್ಟಿದಾಗ ಊರಿನ ಉಳಿದವರಂತೆ ಕದ ಮುಚ್ಚಲಿಲ್ಲ. ಒಳಗೆ ಕರೆದು, ಆಲೂಗಡ್ಡೆ ಹುರಿದು ಬಡಿಸಿ, "ಆ ಕಡೆ ಗೆರ್ಬರ್ ಅನ್ನೋರು ಗೊತ್ತಾ ನಿಮಗೆ?" ಎಂದು ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಒಲೆಯ ಹಿಂದೆ ಕೂತು ಅವರ ಮಾತು ಕೇಳಿಸಿಕೊಂಡ ರೋಸೆತ್‌ಗೆ ಮಾತ್ರ ಅದು ನಾಟಿತು. ಇಪ್ಪತ್ತರಲ್ಲಿ ದೀಕ್ಷೆ ಪಡೆದಳು. ಆ ಪಂಥದ ಕಟ್ಟಳೆಯಂತೆ ಕಾಫಿ ಬಿಟ್ಟಳು, ಮದ್ಯವನ್ನು ಮೊದಲೇ ಮುಟ್ಟಿರಲಿಲ್ಲ.

"ನಿಮ್ಮಜ್ಜೀನ ಬಿಟ್ಟು ಓಡಿದೋನ ದೇವರೇ ಬೇಕಿತ್ತೇನೇ ನಿಂಗೆ?" ಎಂದು ಬೇಕರಿಯವಳು ಚುಚ್ಚಿದಳು.

"ಓಡಿದ್ದು ಕ್ರಿಸ್ತೆನ್. ದೇವರು ಇಲ್ಲೇ ಇದ್ದ" ಎಂದಳು ರೋಸೆತ್.

ಅವಳ ಕೊನೆಯ ವರ್ಷಗಳಲ್ಲಿ ಯೂಟಾದಿಂದ ಲೇಯ್ನ್ ಗೆರ್ಬರ್ ಎಂಬ ಪ್ರೊಫೆಸರ್ ಬಂದ. ಕ್ರಿಸ್ತೆನನ ಮರಿಮಗ. ಸ್ವಿಸ್ ಜನ ತಮ್ಮನ್ನು ತಾವು ಏನೆಂದುಕೊಂಡಿದ್ದಾರೆ, ಮೋರ್ಮನ್ನರು ಏನೆಂದುಕೊಂಡಿದ್ದಾರೆ, ಎರಡೂ ಎಲ್ಲಿ ಸೇರುತ್ತವೆ ಎಂಬ ಬಗ್ಗೆ ಪುಸ್ತಕ ಬರೆಯುತ್ತಿದ್ದ. ರೋಸೆತ್ ಎರಡು ಬೇಸಿಗೆ ಅವನಿಗೆ ಹಳೆಯ ಬೆರ್ನ್ ಕೈಬರಹದ ಕಾಗದಗಳನ್ನು ಓದಿ ಹೇಳಿದಳು, ಪುದೀನ ಕಷಾಯ ಕುಡಿಯುತ್ತ ಅವನೊಡನೆ ಸಂಜೆಯವರೆಗೆ ವಾದಿಸಿದಳು. ಇಬ್ಬರಿಗೂ ಬೆಟ್ಟವೇ ಕೋಟೆ, ಇಬ್ಬರಿಗೂ ಹಿರಿಯರು ಪಟ್ಟ ಕಷ್ಟವೇ ಬಂಡವಾಳ, ಇಬ್ಬರೂ ಪೂರ್ವಜರನ್ನು ಎಣಿಸಿ ಎಣಿಸಿ ಒಂದು ಜನಾಂಗವಾದವರು ಎಂಬುದು ಅವನ ವಾದ. ಅದು ಅವಳಿಗೂ ಹಿಡಿಸಿತ್ತು.

"ಒಂದು ಸೇರಿಸು" ಎಂದಿದ್ದಳು. "ಎಣಿಸೋ ಜನ, ಯಾರನ್ನ ಎಣಿಸಬಾರದು ಅನ್ನೋದನ್ನೂ ನಿರ್ಧಾರ ಮಾಡಿರ್ತಾರೆ."

"ಅದ್ಭುತ, ಸೋದರಿ ಷೂರ್ಖ್" ಎಂದ ಪ್ರೊಫೆಸರ್. ಪುಸ್ತಕದಲ್ಲಿ ಆ ಮಾತು ಬರಲಿಲ್ಲ.

ಪುಸ್ತಕದ ನೆಪದಲ್ಲಿ ಊರಿಗೊಂದು ಕಲ್ಲಿನ ಯೋಚನೆ ಬಂತು. ಆಗಸ್ಟ್ ಒಂದನೆಯ ತಾರೀಖು, ದೇಶದ ಹಬ್ಬದ ದಿನ, ಯೂಟಾದ ಗೆರ್ಬರ್‌ಗಳು ಬಸ್ಸು ಮಾಡಿಕೊಂಡು ಬರುವುದು. ಲಿಂಡನ್ ಮರದ ಕೆಳಗೆ 'ಇಲ್ಲಿಂದ ಹೊರಟವರು' ಎಂದು ಕೆತ್ತಿದ ಕಲ್ಲು ನಿಲ್ಲಿಸುವುದು. ಆ ಹೆಸರುಗಳನ್ನು ರೋಸೆತ್ ಟೀಚರ್ ಓದುವುದು. ಅಪ್ಪ, ಅಮ್ಮ, ನಾಲ್ಕು ಮಕ್ಕಳು. ರೋಸೆತ್ ಪಂಚಾಯ್ತಿ ಅಧ್ಯಕ್ಷ ಹಾನ್ಸುವೇಲಿಯ ಬಳಿ ಹೋದಳು. ಅವನು ಅವಳ ಹಳೆಯ ವಿದ್ಯಾರ್ಥಿ.

"ಐದನೇ ಮಗು ಎಲ್ಲೋ?"

"ಟೀಚರ್, ಅದು ಹೊರಟವರ ಕಲ್ಲು. ನಿಮ್ಮಜ್ಜಿ ಹೊರಡಲಿಲ್ಲವಲ್ಲ."

"ಅದಕ್ಕೇ ಹೇಳ್ತಿರೋದು. ಕೆಳಗೆ ಒಂದು ಸಾಲು ಸಾಕು. ಲೀಸಿ, ಇಲ್ಲೇ ಬಿಡಲ್ಪಟ್ಟವಳು."

"ಆಮೇಲೆ ಯಾರು ಸಾಕಿದ್ರು, ಎಷ್ಟಕ್ಕೆ ಅಂತ ಬಸ್ಸಿನೋರು ಕೇಳ್ತಾರೆ. ಕಡಿಮೆ ಕೂಗಿದ ರೈತನ ಮೊಮ್ಮಕ್ಕಳು ಅಂದು ಸಾಸೇಜು ಸುಡೋರು ಟೀಚರ್. ಹಬ್ಬದ ದಿನ ಯಾಕೆ?" ಅವನು ತನ್ನ ಕಾಫಿಗೆ ಇನ್ನಷ್ಟು ಸಾರಾಯಿ ಬಗ್ಗಿಸಿಕೊಂಡ. ಆ ವಾಸನೆಯಲ್ಲಿ ರೋಸೆತ್‌ಗೆ ಅಜ್ಜಿಯನ್ನು ಹರಾಜು ಕೂಗಿದ ಹಳೆಯ ಹೋಟೆಲಿನ ಕೋಣೆಯೇ ಮೂಗಿಗೆ ಬಡಿದಂತಾಯಿತು.

ಜುಲೈಯಲ್ಲಿ ಪ್ರೊಫೆಸರ್ ಬಂದಿಳಿದ. ಕಣ್ಣು ತುಂಬಿಕೊಂಡು ಅವಳ ಎರಡೂ ಕೈ ಹಿಡಿದ.

"ನಿಮಗೊಂದು ಉಡುಗೊರೆ ತಂದಿದ್ದೀನಿ. ಈ ವಸಂತದಲ್ಲಿ ನಮ್ಮ ದೇವಾಲಯದಲ್ಲಿ ಲೀಸಿಯನ್ನ ಅವರ ಅಪ್ಪ ಅಮ್ಮನ ಜೊತೆ ಬೆಸೆದುಬಿಟ್ವಿ, ಅನಂತಕಾಲಕ್ಕೂ. ಕ್ರಿಸ್ತೆನ್ ಪರವಾಗಿ ನಾನು ಮೊಣಕಾಲೂರಿದ್ದೆ, ಲೀಸಿ ಪರವಾಗಿ ನನ್ನ ಮಗಳು. ಒಬ್ಬರ ಕೈ ಒಬ್ಬರು ಹಿಡಿದಾಗ ಎಲ್ಲರೂ ಅತ್ತುಬಿಟ್ವಿ."

ಸತ್ತವರ ಹೆಸರಿನಲ್ಲಿ ಬದುಕಿರುವವರು ನಡೆಸುವ ಈ ವಿಧಿ ರೋಸೆತ್‌ಗೆ ಹೊಸದಲ್ಲ. ಗಂಡನನ್ನೂ ತಾಯಿಯನ್ನೂ ಹಾಗೆ ಬೆಸೆಸಿಕೊಂಡಿದ್ದಳು. ಆ ನಂಬಿಕೆಯ ಮೇಲೆಯೇ ರಾತ್ರಿ ನಿದ್ದೆ ಮಾಡುತ್ತಿದ್ದಳು. ಆದರೆ ಅಜ್ಜಿಯ ಹೆಸರನ್ನು ಬೇಕೆಂದೇ ಕೊಟ್ಟಿರಲಿಲ್ಲ. ಈಗ ಈ ಮೃದುವಾದ ಕೈ ತನ್ನ ಕೈ ಮೇಲಿತ್ತು, ಅಪ್ಪನಾಗಿ ಮೊಣಕಾಲೂರಿದ ಕೈ. ಬಿಡಿಸಿಕೊಂಡು ಏಪ್ರನ್ನಿಗೆ ಒರೆಸಿಕೊಂಡಳು.

"ಅವಳನ್ನ ಒಂದು ಮಾತು ಕೇಳಿದ್ರಾ?"

"ಸತ್ತವರನ್ನ ಹೇಗೆ..."

"ಒಪ್ಪೋದು ಬಿಡೋದು ಸತ್ತವರ ಇಷ್ಟ ಅಂತ ನಾವೇ ಕಲಿಸ್ತೀವಲ್ಲ, ಸೋದರ ಗೆರ್ಬರ್. ನೀವು ಗಂಟು ಹಾಕಿದ್ದೀರಿ. ಬಿಚ್ಚೋಕೆ ಅವಳಿಗೂ ಬೆರಳಿದೆ."

ಪ್ರೊಫೆಸರ್‌ಗೆ ನೋವಾಯಿತು. ನೋವಾದವರು ಮಾಡುವುದನ್ನೇ ಮಾಡಿದ: ಇನ್ನಷ್ಟು ಒಳ್ಳೆಯವನಾದ. ನೇರ ಅಧ್ಯಕ್ಷನ ಬಳಿ ಹೋಗಿ ಟೀಚರ್ ಬೇಡಿಕೆಯನ್ನು ಇಬ್ಬರೂ ಸೇರಿ ನಡೆಸಿಕೊಡೋಣ ಎಂದ.

ಹಬ್ಬಕ್ಕೆ ಎರಡು ದಿನವಿರುವಾಗ ಹಾನ್ಸುವೇಲಿ ರೋಸೆತ್‌ಳನ್ನು ಮರದ ಕೆಳಗೆ ಕರೆದ. ಪ್ರೊಫೆಸರ್ ನಿಂತಿದ್ದ, ಕಲ್ಲುಕುಟಿಗ ಎರ್ವಿನ್ ಟೋಪಿ ತೆಗೆದುಕೊಂಡು ನಿಂತಿದ್ದ. ಅಧ್ಯಕ್ಷ ಹೊದಿಕೆ ಎಳೆದ. 'ಇಲ್ಲಿಂದ ಹೊರಟವರು.' ಕೆಳಗೆ ಏಳು ಹೆಸರು. ಏಳನೆಯದು ಲೀಸಿ.

"ನೋಡಿ, ನಿಮ್ಮ ಮಾತು ಮೀರಕ್ಕಾಗುತ್ತಾ ನಾವು?" ಎಂದ ಹಾನ್ಸುವೇಲಿ.

"ಅನಂತದಲ್ಲಿ ಅವರು ಜೊತೆಗೇ ಇದ್ದಾರೆ. ಇದು ಸುಳ್ಳಲ್ಲ" ಎಂದ ಪ್ರೊಫೆಸರ್.

ಇಬ್ಬರ ಮುಖದಲ್ಲೂ ಉಪಕಾರ ಮಾಡಿದವರ ಹೊಳಪು. ರೋಸೆತ್ ಕಲ್ಲಿಗೆ ಬೆನ್ನು ತಿರುಗಿಸಿ ಮರದ ಬುಡ ಹಿಡಿದು ನಿಂತಳು. ಬೆಳಿಗ್ಗೆ ತಿಂದಿದ್ದೆಲ್ಲ ಗಂಟಲಿಗೆ ಬಂದಿತ್ತು. ಬಿಟ್ಟುಹೋದವರ ಮಕ್ಕಳಿಗೆ ಇನ್ನು ಬಿಟ್ಟುಹೋದ ಪಾಪವಿಲ್ಲ. ಹರಾಜು ಕೂಗಿದವರ ಮಕ್ಕಳಿಗೆ ಕೂಗಿದ ನಾಚಿಕೆಯಿಲ್ಲ. ಕುಂಟು ಹುಡುಗಿಯನ್ನು ಕಲ್ಲಿನ ಮೇಲೆ ಹಡಗು ಹತ್ತಿಸಿ ಎರಡು ದೇಶಗಳೂ ಕೈ ತೊಳೆದುಕೊಂಡಿದ್ದವು. ಹೆಸರಿಲ್ಲದಿದ್ದಾಗ ಅಜ್ಜಿ ಇನ್ನೂ ಆ ಕಟ್ಟೆಯ ಮೇಲಾದರೂ ಕೂತಿದ್ದಳು.

"ತೆಗಿ" ಎಂದಳು.

"ಏನು ಟೀಚರ್?"

"ಲೀಸಿ ಹೆಸರು ತೆಗಿಸು."

"ನೀವೇ ಕೇಳಿದ್ರಿ."

"ಕೇಳಿದ್ದು ಇದನ್ನಲ್ಲ. ತೆಗಿಸು. ಇಲ್ಲಾಂದ್ರೆ ನಾಡಿದ್ದು ಹೆಸರು ಓದೋಕೆ ನಿಲ್ಲಿಸ್ತೀಯಲ್ಲ, ಆಗ ಆರು ಹೆಸರು ಓದಿ, ಏಳನೇದಕ್ಕೆ ನಿಮ್ಮ ಹೋಟೆಲಲ್ಲಿ ಯಾರು ಎಷ್ಟಕ್ಕೆ ಕೂಗಿದ್ರು ಅನ್ನೋದನ್ನೂ ಓದ್ತೀನಿ."

ಹಾನ್ಸುವೇಲಿಯ ಕುತ್ತಿಗೆ ಕೆಂಪಾಯಿತು. ಎರ್ವಿನ್ ಮಾತ್ರ ಕಲ್ಲಿನ ಮೇಲೆ ಹೆಬ್ಬೆರಳಾಡಿಸಿ, "ಆಳವಾಗಿ ಕೊರೆದಿದ್ದೀನಿ, ಟೀಚರ್. ಕೆರೆದ್ರೆ ಗುಳಿ ಬೀಳುತ್ತೆ. ಕೆಟ್ಟದಾಗಿ ಕಾಣುತ್ತೆ" ಎಂದ.

"ಕಾಣ್ಲಿ ಬಿಡು."

ಅಧ್ಯಕ್ಷ ಟೀಚರ್ ಬಾಯಿಗಿಂತ ಗುಳಿ ವಾಸಿ ಎಂದುಕೊಂಡು ತಲೆಯಾಡಿಸಿದ.

ಹಬ್ಬದ ಸಂಜೆ ರೋಸೆತ್ ಆರು ಹೆಸರು ಓದಿ ಕೆಳಗಿಳಿದಳು. ಕೊಟ್ಟ ಮಾತು ಉಳಿಸಿಕೊಂಡಳು, ಒಂದಕ್ಷರ ಹೆಚ್ಚು ಆಡಲಿಲ್ಲ. ಬಸ್ಸಿನವರು ಸಾಲಾಗಿ ಬಂದು ಅಜ್ಜ ಮುತ್ತಜ್ಜಂದಿರ ಹೆಸರು ಸವರಿದರು. ಆ ಬೆರಳುಗಳು ಆರರಿಂದ ಕೆಳಗೆ ಜಾರಿ ಗುಳಿಯಲ್ಲಿ ನಿಂತವು. ಒಬ್ಬಳು ಮುದುಕಿ, ಸೊಂಟ ಹಿಡಿದುಕೊಂಡು ಕುಂಟುತ್ತಿದ್ದವಳು, ಅಲ್ಲೇ ಉಳಿದಳು.

"ಇಲ್ಲೇನಿತ್ತು?" ಎಂದು ಹಾನ್ಸುವೇಲಿಯನ್ನು ಕೇಳಿದಳು. ಅವನು ಕಲ್ಲು ಕೆಟ್ಟದಿತ್ತು ಎಂದ. ಪ್ರೊಫೆಸರನ್ನು ಕೇಳಿದಳು. ಅವನಿಗೆ ಸಾಸೇಜಿನ ಕಡೆ ಹೋಗಬೇಕಿತ್ತು. ಕೊನೆಗೆ ರೋಸೆತ್‌ಳ ಹತ್ತಿರ ಬಂದಳು.

"ಓದೋವಾಗ ಮಾತ್ರ ಬಾಯಿ ಮುಚ್ಚಿಕೊಳ್ತೀನಿ ಅಂದಿದ್ದೆ. ಕೇಳಿದೋರಿಗೆ ಹೇಳಲ್ಲ ಅಂದಿರಲಿಲ್ಲ" ಎಂದು ರೋಸೆತ್ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಹೇಳಿದಳು. ಬೆಟ್ಟದ ಮೇಲೆ ಬೆಂಕಿ ಹಚ್ಚಿದರು, ಎಲ್ಲರೂ ರಾಷ್ಟ್ರಗೀತೆ ಹಾಡಿದರು. ಕಟ್ಟೆಯ ಮೇಲಿನ ಇಬ್ಬರು ಏಳಲಿಲ್ಲ.

ಸೆಪ್ಟೆಂಬರಿಗೆ ಪಂಚಾಯ್ತಿ ಗುಳಿಯ ಮುಂದೆ ಕೆಂಪು ಜೆರೇನಿಯಂ ಹೂವಿನ ಕುಂಡ ತಂದಿಟ್ಟಿತು, ಸರಿಯಾಗಿ ಗುಳಿ ಮುಚ್ಚುವಷ್ಟೇ ಎತ್ತರದ್ದು. ಪ್ರತಿ ಭಾನುವಾರ ಪ್ರಾರ್ಥನೆಗೆ ಬಸ್ಸು ಹಿಡಿಯಲು ಹೋಗುವಾಗ ರೋಸೆತ್ ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳುತ್ತಿದ್ದಳು. ಸೋಮವಾರ ಅದು ಮತ್ತೆ ಅದೇ ಜಾಗದಲ್ಲಿರುತ್ತಿತ್ತು. ಆರು ವರ್ಷ ಹೀಗೇ ನಡೆಯಿತು, ಕೊನೆಕೊನೆಗೆ ಊರುಗೋಲಿನಿಂದ ತಳ್ಳುತ್ತಿದ್ದಳು.

ಈ ವಸಂತದಲ್ಲೂ ಹೊಸ ಕುಂಡ ಬಂದಿದೆ. ಇನ್ನು ಯಾರೂ ಮುಟ್ಟುವುದಿಲ್ಲ ಎಂದುಕೊಂಡು ಈ ಸಲ ದೊಡ್ಡದನ್ನೇ ತಂದಿದ್ದಾರೆ. ಭಾರ ಇದೆ, ಆದರೂ ಕಾಲಿನಿಂದ ತಳ್ಳಿದರೆ ಜರುಗುತ್ತದೆ.