ಎರಡು ಮೊರಬ

ಮೊನ್ನೆ ಭಾನುವಾರ ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಕುರ್ಚಿಯ ಹತ್ತಿರ ಬಂದಳು. ತನ್ನ ಆಫೀಸಿನವರ ಕಣ್ಣು, ರಕ್ತ ಎಲ್ಲ ತಪಾಸಣೆ ಮಾಡಿಸಲು ಒಂದು ಪಟ್ಟಿ ಮಾಡುತ್ತಿದ್ದಳು. “ಅಪ್ಪಾ, ನನ್ನ ಕಡೆ ಈ ಫೈಲು ತೆರೀತೈತಿ. ಆಫೀಸಿನ ಮಷಿನ್ನಿಗೆ ಹಾಕಿದ್ರ, ಅಂಥಾ ಫೈಲೇ ಇಲ್ಲ ಅಂತೈತಿ.” ಕನ್ನಡಕ ಏರಿಸಿ ನೋಡಿದೆ. ಫೈಲಿನ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿತ್ತು, ಪ್ರೋಗ್ರಾಮು ಸಣ್ಣಕ್ಷರದಲ್ಲಿ ಕೇಳುತ್ತಿತ್ತು. ಅವಳ ಲ್ಯಾಪ್‌ಟಾಪಿಗೆ ಎರಡೂ ಒಂದೇ, ಆಫೀಸಿನ ಯಂತ್ರಕ್ಕೆ ಬೇರೆ ಬೇರೆ. ನಿವೃತ್ತನಾದ ಮೇಲೂ ನನಗೆ ತಿಳಿದದ್ದೊಂದನ್ನು ಯಾರೋ ಕೇಳಿದರಲ್ಲ ಎಂದು ನಾನು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ನವಲಗುಂದದ ಹತ್ತಿರದ ಮೊರಬ ಎಂಬ ಹಳ್ಳಿಯ ಫಕೀರವ್ವ ನೆನಪಾದಳು.

ಎಂಬತ್ತರ ದಶಕ ಮುಗಿಯಲು ಬಂದಿದ್ದ ಕಾಲ ಅದು. ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಅಲ್ಲೊಂದು ಯುನಿಕ್ಸ್ ಯಂತ್ರವಿತ್ತು. ಚಪ್ಪಲಿ ಹೊರಗೆ ಬಿಟ್ಟು ಅದರ ಕೋಣೆಗೆ ಹೋಗಬೇಕು. ಆ ಯಂತ್ರ ನನ್ನ ಅಪ್ಪ ಮಾಡಿಟ್ಟ ಆಸ್ತಿಯೇನೋ ಎಂಬ ಗತ್ತಿನಲ್ಲಿ ನಾನು ಓಡಾಡುತ್ತಿದ್ದೆ. ನವಲಗುಂದದಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರ ನಡೆಯುವುದಿತ್ತು. ಮುಂಚೆಯೇ ಡಾಕ್ಟರೊಬ್ಬರು ಊರೂರು ಸುತ್ತಿ, ಆಪರೇಶನ್ ಬೇಕಾದವರ ಚೀಟಿ ಬರೆಸಿದ್ದರು. ಆ ಚೀಟಿಗಳಿಂದ ಊರುವಾರು ಪಟ್ಟಿ ಮಾಡುವ ಕೆಲಸ ನನಗೂ ನವಲಗುಂದದ ಗದಿಗೆಪ್ಪ ಮಾಸ್ತರರಿಗೂ ಬಂತು.

ಮಾಸ್ತರರು ಅಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಅವರಲ್ಲಿಗೆ ಆಗತಾನೆ ಒಂದು ಸಣ್ಣ ಡಾಸ್ ಕಂಪ್ಯೂಟರೂ ಪ್ರಿಂಟರೂ ಬಂದಿದ್ದವು. ಪೂರ್ತಿ ಕೆಲಸವನ್ನು ಅದರಲ್ಲೇ ಮುಗಿಸಬಹುದಿತ್ತು. ಆದರೆ ಯುನಿಕ್ಸ್ ತೋರಿಸದೆ ನನಗೆ ಉಂಡ ಅನ್ನ ಅರಗುತ್ತಿರಲಿಲ್ಲವಲ್ಲ! ಪಾಪ, ಅವರನ್ನು ಹುಬ್ಬಳ್ಳಿಗೆ ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಹೆಣ್ಣುಮಕ್ಕಳ ಚೀಟಿ ಅವರಿಗೆ, ಗಂಡಸರ ಚೀಟಿ ನನಗೆ. ಪ್ರೋಗ್ರಾಮು ನಾನೇ ಬರೆದದ್ದು. ಊರ ಹೆಸರು ಕೇಳುತ್ತದೆ, ಆ ಹೆಸರಿನ ಫೈಲಿದ್ದರೆ ಅದಕ್ಕೆ ಸೇರಿಸುತ್ತದೆ, ಇಲ್ಲದಿದ್ದರೆ ತುಟಿಪಿಟಕ್ಕೆನ್ನದೆ ಹೊಸದು ಮಾಡುತ್ತದೆ.

ನಮ್ಮ ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರದ ಪೀಡೆಯಿಲ್ಲ ನೋಡಿ. ಗೌಡರ ಹೆಸರಿಗೂ ಆಳಿನ ಹೆಸರಿಗೂ ಅದೇ ಅಕ್ಷರ. ಮರ್ಯಾದೆ ಬೇಕಾದರೆ ಮಾತಿನ ಕೊನೆಗೊಂದು ‘ರಿ’ ಅಂಟಿಸಿದರಾಯಿತು. ಇಂಗ್ಲಿಷಿನಲ್ಲಿ ಆ ‘ರಿ’ಯನ್ನು ಎಲ್ಲಿಂದ ತರುವುದು? ಅದಕ್ಕೆ ಮಾಸ್ತರರು ತಮ್ಮದೇ ದಾರಿ ಹುಡುಕಿಕೊಂಡಿದ್ದರು. ಮೂವತ್ತು ವರ್ಷ ಅರ್ಜಿ, ಲಗ್ನಪತ್ರಿಕೆ ಟೈಪು ಮಾಡಿದ ಕೈ. ಒಮ್ಮೆ ನಾನು ಅವರ ಪರದೆಯತ್ತ ಕಣ್ಣು ಹಾಯಿಸಿ, “ಎಲ್ಲಾ ದೊಡ್ಡಕ್ಷರ ಯಾಕ್ರೀ?” ಎಂದದ್ದಕ್ಕೆ, “ಊರ ಹೆಸರು, ಮಂದಿ ಹೆಸರು ಸಣ್ಣಕ್ಷರದಾಗ ಹೊಡೀಬಾರದ್ರಿ. ಅವಮಾನ ಆಕ್ಕೈತಿ” ಎಂದರು. ನಾನು ನಕ್ಕು ನನ್ನ ಸಣ್ಣಕ್ಷರದಲ್ಲೇ ಮುಂದುವರಿದೆ. ಯುನಿಕ್ಸ್‌ಗೆ ದೊಡ್ಡಕ್ಷರದ ಹೆಸರೇ ಬೇರೆ, ಸಣ್ಣಕ್ಷರದ್ದೇ ಬೇರೆ. ಅಲ್ಲಿಗೆ ಯಂತ್ರದೊಳಗೆ ಎರಡು ಮೊರಬಗಳಾದವು. ದೊಡ್ಡಕ್ಷರದ ಮೊರಬದಲ್ಲಿ ಹೆಂಗಸರು, ಸಣ್ಣಕ್ಷರದ ಮೊರಬದಲ್ಲಿ ಗಂಡಸರು.

ಶಿಬಿರದ ಹಿಂದಿನ ದಿನ, ಮಾಸ್ತರರ ಪ್ರಿಂಟರಿನಲ್ಲಿ ಮುದ್ರಿಸಲೆಂದು ಎಲ್ಲ ಫೈಲುಗಳನ್ನೂ ಡಾಸ್ ಫ್ಲಾಪಿಗೆ ಇಳಿಸಿದೆ. ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲದ ಡಾಸ್‌ಗೆ ಇರುವುದು ಒಂದೇ ಮೊರಬ. ದೊಡ್ಡಕ್ಷರದ್ದು ಮೊದಲು ಹೋಗಿ ಕೂತಿತು, ಹಿಂದೆಯೇ ಬಂದ ಸಣ್ಣಕ್ಷರದ್ದು ಅದರ ಮೇಲೇ ಕೂತು ಅದನ್ನು ಅಳಿಸಿಹಾಕಿತು. ನಾನು ಅಂಗಿಯ ಜೇಬಿನಲ್ಲಿ ಫ್ಲಾಪಿ ಇಟ್ಟುಕೊಂಡು ಜಂಬದಿಂದ ನವಲಗುಂದದ ಬಸ್ಸು ಹತ್ತಿದೆ.

ಶಿಬಿರದ ಬೆಳಿಗ್ಗೆ ಪಟ್ಟಿ ಮುದ್ರಿಸಿದರೆ ಮೊರಬದ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಬೇರೆ ಊರುಗಳಲ್ಲಿ ಹೆಂಗಸರೇ ಚೀಟಿ ಬರೆಸಿರಲಿಲ್ಲ, ಅಲ್ಲಿಗೆ ಪೆಟ್ಟು ತಿಂದದ್ದು ಮೊರಬ ಒಂದೇ. ಚೀಟಿಗಳು ಕಾಲೇಜಿನ ನನ್ನ ಡ್ರಾಯರಿನಲ್ಲಿದ್ದವು. ಅವತ್ತು ಭಾನುವಾರ, ಕಾಲೇಜಿಗೆ ಬೀಗ, ಕೀಲಿ ಇದ್ದವರು ಪರ ಊರಿನ ಮದುವೆಗೆ ಹೋಗಿದ್ದರು. ಡಾಕ್ಟರರು ಗಡಿಯಾರ ನೋಡಿ, “ಹನ್ನೊಂದರೊಳಗ ಹೆಸರು ಕೊಡ್ರಿ. ಕಣ್ಣು ನಾ ಮತ್ತ ನೋಡ್ತೀನಿ. ಹೆಸರಿಲ್ಲದವರಿಗೆ ಹಾಸಿಗಿ ಇಲ್ಲ” ಎಂದರು. ಟ್ರ್ಯಾಕ್ಟರಿನ ಮೊದಲ ಟ್ರಿಪ್ಪಿಗೆ ಮೊರಬದಿಂದ ನಾಲ್ಕೈದು ಹೆಂಗಸರು ಮಾತ್ರ ಬಂದಿದ್ದರು, ಉಳಿದವರು ಮಧ್ಯಾಹ್ನ ಬರುವವರು.

ಆಗ ಗೋಡೆಗೆ ಒರಗಿ ಕೂತಿದ್ದ ಫಕೀರವ್ವ ಎದ್ದು ದನಿ ಬಂದ ಕಡೆ ಮುಖ ಮಾಡಿದಳು. ಅವಳ ಎರಡೂ ಕಣ್ಣುಗಳು ಪೊರೆ ಬಂದು ಬೆಳ್ಳಗಾಗಿದ್ದವು. ಊರಲ್ಲಿ ಕಳೆ ತೆಗೆಯುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಸಂಜೆ ಮನೆಮನೆಯ ಮುಂದೆ ನಿಂತು, ನಾಳೆ ಯಾರ ಹೊಲ ಎಂದು ಕೂಗಿ ಆಳು ಕರೆಯುವುದು ಅವಳ ಕೆಲಸ. ಕಣ್ಣು ಮಂಜಾದ ಮೇಲೂ ಅದು ನಿಂತಿರಲಿಲ್ಲ.

“ಚೀಟಿ ಬರಸಾಕ ಅವರನ್ನೆಲ್ಲಾ ಕೂಗಿ ಕರಕೊಂಡು ಹೋದಾಕಿ ನಾನ. ಬರಕೋ ತಮ್ಮಾ. ಊರ ಅಗಸಿ ಬಾಗಿಲ ಕಡಿಂದ ಹೊಂಟ್ರ ಮೊದಲ ನೀಲವ್ವ. ಅಕಿ ಬಾಜೂಕ ದ್ಯಾಮವ್ವ. ಬಾವಿ ದಾಟಿದ್ರ ಎಡಕ್ಕ ಶಾಂತವ್ವ, ಅಕಿ ಅತ್ತಿ ಚೆನ್ನವ್ವ...”

ಓಣಿ ಓಣಿ ತಿರುಗುತ್ತ ಹೋದಳು. ಮಾಸ್ತರರು ಕಣ್ಣು ಮುಚ್ಚಿ ಟೈಪು ಮಾಡಿದರು, ನಾನು ಪಕ್ಕದಲ್ಲಿ ನಿಂತು ಎಣಿಸಿದೆ. ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಪಟ್ಟಿ ಡಾಕ್ಟರರ ಕೈ ಸೇರಿತು. ನನ್ನ ಹೆಗಲ ಮೇಲಿನ ಭಾರ ಇಳಿಯಿತು, ಎರಡು ಕಪ್ ಚಹಾ ಕುಡಿದೆ.

ಸಂಜೆ ಹೊತ್ತಿಗೆ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಗೋಡೆಯ ಹತ್ತಿರ ಫಕೀರವ್ವ ಒಬ್ಬಳೇ ಕೂತಿದ್ದಳು.

“ನನ್ನ ಕೂಗಲೇ ಇಲ್ಲಲ್ಲೋ ತಮ್ಮಾ?”

ಹೆಸರಿನ ಪಟ್ಟಿ ತೆಗೆದು ಮೇಲಿನಿಂದ ಕೆಳಗೆ ನೋಡಿದೆ. ಅವಳ ಹೆಸರಿರಲಿಲ್ಲ. “ಯವ್ವಾ, ನಿನ್ನ ಹೆಸರ ನೀ ಹೇಳಲಿಲ್ಲ ಬೇ!” ಎಂದೆ. ಅವಳು ನಕ್ಕಳು. “ಆಳು ಕರಿಯಾಕಿ ತನ್ನ ಮನಿ ಮುಂದ ನಿಂತು ತನ್ನ ಹೆಸರ ಕೂಗತಾಳೇನೋ ಹುಚ್ಚಾ?”

ಡಾಕ್ಟರರನ್ನು ಕೈಮುಗಿದು ಕೇಳಿದೆ. ಆಪರೇಶನ್ನಿನ ಸಾಮಾನು ಆಗಲೇ ಕಟ್ಟಿಯಾಗಿತ್ತು. ಅವಳ ಕೈ ಹಿಡಿದು ಟ್ರ್ಯಾಕ್ಟರು ಹತ್ತಿಸುವಾಗ ನನಗೆ ಅಳು ಬಂತು. ಅವಳಿಗೆ ಕಾಣುವುದಿಲ್ಲವೆಂದು ಒರೆಸಿಕೊಳ್ಳಲೂ ಇಲ್ಲ. ಆದರೆ ಹಟವೂ ಬಂತು. ಈಕೆಯ ಪೊರೆ ತೆಗೆಸದೆ ಬಿಡುವುದಿಲ್ಲ ಎಂದುಕೊಂಡೆ.

ಸೋಮವಾರ ಲ್ಯಾಬಿಗೆ ಹೋಗಿ ನೋಡಿದರೆ ಎರಡು ಮೊರಬಗಳೂ ಅಕ್ಕಪಕ್ಕದಲ್ಲೇ ಇದ್ದವು. ದೊಡ್ಡಕ್ಷರದ್ದನ್ನು ತೆರೆದೆ. ಮೊದಲ ಹೆಸರೇ ಫಕೀರವ್ವ. ಅವತ್ತೇ ಕೂತು, ಯಾರು ಹೇಗೆ ಹೊಡೆದರೂ ಹೆಸರು ಸಣ್ಣಕ್ಷರಕ್ಕೆ ತಿರುಗುವಂತೆ ಪ್ರೋಗ್ರಾಮು ತಿದ್ದಿದೆ. ಮಾಸ್ತರರಿಗೆ ಇದು ಅಷ್ಟು ಹಿಡಿಸಲಿಲ್ಲ.

ಮೂರು ವಾರದ ನಂತರ ಕುಂದಗೋಳದಲ್ಲಿ ಇನ್ನೊಂದು ಶಿಬಿರವಿತ್ತು. ನಾನು ಮೊದಲು ಮೊರಬಕ್ಕೆ ಹೋಗಿ ಹೇಳಿದಾಗ, “ಕಳಿ ಮುಗೀಲಿ ತಮ್ಮಾ, ಆಮ್ಯಾಲ ನೋಡೂಣು” ಎಂದು ಫಕೀರವ್ವ ನನ್ನನ್ನು ಸಾಗಹಾಕಿದ್ದಳು. ಶಿಬಿರದ ಹಿಂದಿನ ಸಂಜೆ ಮತ್ತೆ ಹೋದೆ. ಈ ಸಲ ಒಳಗೆ ಕಾಲಿಡಲಿಲ್ಲ. ಅವಳ ಮನೆಯ ಮುಂದೆ, ಓಣಿಯ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದೆ: “ಫಕೀರವ್ವಾ! ನಾಳೆ ಕುಂದಗೋಳಕ್ಕ ಬಾ ಬೇ!”

ನೀಲವ್ವ, ದ್ಯಾಮವ್ವ ದಪ್ಪ ಕನ್ನಡಕ ಹಾಕಿಕೊಂಡು ಹೊರಗೆ ಬಂದರು. ಫಕೀರವ್ವ ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲಿಗೆ ಬಂದಳು. “ನನ್ನ ಮನಿ ಮುಂದ ಹಿಂಗ ಯಾರೂ ಕೂಗಿರಲಿಲ್ಲೋ,” ಎಂದಳು. “ಬರ್ತೀನಿ.”

ಕುಂದಗೋಳದಲ್ಲಿ ಆಪರೇಶನ್ ಆಗಿ, ಕಣ್ಣಿನ ಪಟ್ಟಿ ಬಿಚ್ಚಿ ಕನ್ನಡಕ ಏರಿಸಿದ ದಿನ ಫಕೀರವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಇಷ್ಟ ಸಣ್ಣಾವನೇನೋ ನೀನು? ದನಿ ಕೇಳಿ ದೊಡ್ಡ ಸಾಹೇಬ ಅನಕೊಂಡಿದ್ದೆ” ಎಂದಳು.

“ಅಪ್ಪಾ, ಎಲ್ಲಿ ಕಳದುಹ್ವಾದಿ? ಫೈಲಿಗೆ ಏನಾಗೈತಿ ಹೇಳು,” ಮಗಳು ಅವಸರ ಮಾಡಿದಳು.

“ಫೈಲು ಆಮ್ಯಾಲ. ಇದರಾಗ ನಿನ್ನ ಹೆಸರು ಐತೇನು?”

“ಪಟ್ಟಿ ಮಾಡಾಕಿ ನಾನ ಅಲ್ಲೇನಪ್ಪಾ...” ಎಂದವಳು ಪರದೆಯನ್ನು ಮೇಲೆ ಕೆಳಗೆ ಸರಿಸಿದಳು. ಅವಳ ಹೆಸರು ಎಲ್ಲೂ ಇರಲಿಲ್ಲ.

“ಮೊದಲ ಅದನ್ನ ಬರಿ,” ಎಂದೆ. ಅವಳು ಬರೆದು ಮುಗಿಸುವ ತನಕ ನಾನು ಲ್ಯಾಪ್‌ಟಾಪ್ ಮುಟ್ಟಲಿಲ್ಲ.