ಎಷ್ಟ ಕ್ವಿಂಟಲ್ ಆತು?

ನಮ್ಮ ವಿಭಾಗಕ್ಕೆ ಇವತ್ತು ಹೊಸ ಕಂಪ್ಯೂಟರುಗಳು ಬಂದಿಳಿದವು. ಪೆಟ್ಟಿಗೆಗಳ ಅಡಿಗೆ ಯಾರೋ ಗೋಣಿಚೀಲ ಹಾಸಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೈಲಹೊಂಗಲದ ನಮ್ಮ ಪಕ್ಕದ ಮನೆಯ ಕಾಕಾ ಬಂದು ಎದುರಿಗೆ ನಿಂತಂತಾಯಿತು...

ಕಾಕಾ ಪೇಟೆಯಲ್ಲಿ ಜೋಳ, ಕಡಲೆಯ ಚೀಲ ತೂಗುತ್ತಿದ್ದರು. ಮಾತು ಜೋರು, ನಗು ಅದಕ್ಕಿಂತ ಜೋರು.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿದು ನನಗೆ ದೂರದ ಊರಿನಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತ್ತು. ಅಪ್ಪನಿಗೋ ನಾನು ಬಿ.ಎಡ್. ಮಾಡಿ ಸವದತ್ತಿಯಲ್ಲೋ ರಾಮದುರ್ಗದಲ್ಲೋ ಶಾಲೆ ಸೇರಲಿ ಎಂಬ ಹಟ. ಸೇರುವ ಗಡುವು ಹತ್ತಿರ ಬರುತ್ತಿತ್ತು. ಅತ್ತೂ ಕರೆದೂ ನಾನು ಸೋತಿದ್ದೆ. ಆಗೊಂದು ಸಂಜೆ ಕಾಕಾ ಚಹಾಕ್ಕೆ ಬಂದರು.

“ಏನ್ ಓದಾಕ ಹೊಂಟಿ ಯವ್ವಾ?”

“ಕ್ವಾಂಟಮ್ ರೀ ಕಾಕಾ.”

“ಕ್ವಿಂಟಲ್ ಏನ! ಅಣ್ಣಾರ, ಕಳಸ್ರಿ ಅಕೀನ್ನ! ಪ್ಯಾಟ್ಯಾಗ ಇಷ್ಟ ಮಂದಿ ಕ್ವಿಂಟಲ್ ತೂಗತೇವಿ, ಅದರಾಗ ಡಾಕ್ಟರ್ ಆದಾವರು ಒಬ್ಬರರ ಅದಾರೇನು?”

ಅಪ್ಪ ಚಹಾ ನೆತ್ತಿಗೇರುವಂತೆ ನಕ್ಕುಬಿಟ್ಟ. ಆಮೇಲೆ ಕಣ್ಣೊರೆಸಿಕೊಳ್ಳುತ್ತ, “ಹೋಗವಾ, ಹೋಗು” ಎಂದ. ಅಬ್ಬಾ, ಆವತ್ತು ನಾನು ಎಷ್ಟು ಹಗುರಾದೆನೋ!

ಮುಂದೆ ವರ್ಷಗಟ್ಟಲೆ ಕಂಪ್ಯೂಟರಿನ ಮುಂದೆ ಕೂತೆ. ಕಣ್ಣಿಗೆ ಕಾಣದ ಕಣಗಳು ಗುಂಪುಗೂಡಿದಾಗ ಹೇಗೆ ನಡೆದುಕೊಳ್ಳುತ್ತವೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ವಾರಗಟ್ಟಲೆ ಓಡಿದ ಲೆಕ್ಕ ಎಲ್ಲೋ ಒಂದು ಚಿಹ್ನೆ ತಪ್ಪಿದ್ದಕ್ಕೆ ಮಣ್ಣುಪಾಲಾಗುತ್ತಿತ್ತು. ಪಿಎಚ್.ಡಿ. ಆದಮೇಲೂ ಊರೂರು ಅಲೆದೆ, ಎಲ್ಲಾ ತಾತ್ಕಾಲಿಕ ಹುದ್ದೆಗಳೇ. ಮನೆಗೆ ಹೋದರೆ ಸಾಕು, ಕಂಡಕಂಡವರೆಲ್ಲ “ಪರ್ಮನೆಂಟ್ ಆತಿಲ್ಲೋ?” ಎಂದು ಕೇಳಿ ಜೀವ ತಿನ್ನುತ್ತಿದ್ದರು. ಕಾಕಾ ಒಬ್ಬರೇ ಅದನ್ನು ಕೇಳಲಿಲ್ಲ. ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದರು: “ಯವ್ವಾ, ಎಷ್ಟ ಕ್ವಿಂಟಲ್ ಆತು?”

“ಈ ಸಲ ಕಡಿಮಿ ರೀ ಕಾಕಾ.”

“ಇರ್ಲಿ ಬಿಡು, ಮುಂದಿನ ಸುಗ್ಗಿ ಐತಲ್ಲ.”

ಆ ಮಾತು ಹಿಡಿದುಕೊಂಡೇ ನಾನು ಮತ್ತೆ ರೈಲು ಹತ್ತುತ್ತಿದ್ದೆ. ಪಾಪ, ಅವರಿಗೆ ನನ್ನ ಕೆಲಸ ಏನೆಂದೇ ಗೊತ್ತಿಲ್ಲ ಎಂದುಕೊಂಡಿದ್ದೆ...

ಹೋದ ವರ್ಷ ಕಾಕಾ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ಕಾಕು ನನ್ನ ಕೈ ಹಿಡಿದು ಹೇಳಿದರು: “ಮನ್ಯಾಗ ನೆಟ್ಟಗ ಕ್ವಾಂಟಮ್ ಅಂತಿದ್ರವಾ. ಅವತ್ತ ನಿಮ್ಮಪ್ಪನ್ನ ನಗಸಾಕ ಬೇಕಂತನ ಹಂಗ ಅಂದಿದ್ರು. ನಕ್ಕರ ಮನಸ್ಸು ಮೆತ್ತಗ ಆಗತೈತಿ ಅಂತ.”

ನಾನು ಹೊರಗೆ ಬಂದು ಕಾಕಾನ ಕಟ್ಟೆಯ ಮೇಲೆ ಕೂತೆ.

ಕಾಯಂ ಹುದ್ದೆಯ ಆದೇಶ ನಿನ್ನೆ ಕೈಗೆ ಬಂತು. ಅಪ್ಪ ಓಣಿಗೆಲ್ಲ ಪೇಢೆ ಹಂಚಿದನಂತೆ. ಪೆಟ್ಟಿಗೆಗಳನ್ನು ಒಳಗೆ ಸಾಗಿಸಿದ ಮೇಲೆ ಆ ಗೋಣಿಚೀಲವನ್ನು ನಾನೇ ಮಡಚಿ ಬದಿಗಿಟ್ಟೆ. ಈ ಸಲ ಭಾಳ ಆಗೇತಿ ರೀ ಕಾಕಾ... ಆದರೆ ಕೇಳುವವರೇ ಇಲ್ಲ.