ತುರ್ವಿಹಾಳಕ್ಕೆ ಹೋದ ಕನಸು

ತಾಯಿತ, ದೃಷ್ಟಿಬೊಂಬೆ, ಭವಿಷ್ಯ ಇವನ್ನೆಲ್ಲ ನಂಬುವವರನ್ನು ನಾನು ಗೇಲಿ ಮಾಡಿಕೊಂಡೇ ಬಂದವನು. ನಮ್ಮ ಮನೆಯ ಗೋಡೆಗೆ ಬುದ್ಧನ ಫೋಟೋ ಬಂದ ದಿನ ಅಪ್ಪ ಮನೆಯಲ್ಲಿದ್ದ ತಾಯಿತಗಳನ್ನೆಲ್ಲ ಗಂಟು ಕಟ್ಟಿ ಕಾಲುವೆಗೆ ಎಸೆದಿದ್ದ. ಮೇಲಾಗಿ ನಾನು ಮಸ್ಕಿಯಲ್ಲಿ ವಿಜ್ಞಾನದ ಮಾಸ್ತರ. ಈಗ ಹೇಳುವುದನ್ನು ಓದಿ ನೀವು ನಕ್ಕರೆ ನನ್ನ ತಕರಾರಿಲ್ಲ.

ನನಗೊಂದು ಖಯಾಲಿ ಇದೆ, ಜಪಾನಿನ ಹಳೆಯ ನೆಟ್ಸುಕೆಗಳನ್ನು ಕೂಡಿಸುವುದು. ನಿಲುವಂಗಿಗೆ ಜೇಬಿಲ್ಲದ ಕಾಲದಲ್ಲಿ ಅಲ್ಲಿನವರು ತಂಬಾಕಿನ ಚೀಲವನ್ನು ದಾರ ಕಟ್ಟಿ ನಡುಪಟ್ಟಿಯಿಂದ ಇಳಿಬಿಡುತ್ತಿದ್ದರು. ದಾರ ಜಾರದಂತೆ ಅದರ ಮೇಲ್ತುದಿಗೆ ಕಟ್ಟುತ್ತಿದ್ದ ಕೆತ್ತನೆಯ ಗುಂಡಿಯೇ ನೆಟ್ಸುಕೆ. ಅಡಿಕೆಗಿಂತ ಸ್ವಲ್ಪ ದೊಡ್ಡದು, ಅಷ್ಟರಲ್ಲೇ ಧ್ಯಾನಕ್ಕೆ ಕೂತ ಭಿಕ್ಷು, ತಲೆಯೆತ್ತಿದ ಡ್ರ್ಯಾಗನ್. ಇಂಟರ್‌ನೆಟ್ಟಿನ ಹರಾಜಿನಲ್ಲಿ ಕೂಗಿ ತರಿಸುತ್ತೇನೆ. ಕೊರಿಯರ್ ಲಿಂಗಸುಗೂರಿನ ತನಕ ಬರುತ್ತದೆ, ಅಲ್ಲಿಂದ ನಾನೇ ಹೋಗಿ ತರಬೇಕು. ಹೆಂಡತಿ ಸುಜಾತಾ ಇದ್ದಾಗ, "ಇವನ್ನೆಲ್ಲಾ ಒರಸಾಕ ಇನ್ನೊಬ್ಬಾಕಿನ್ನ ಮಾಡ್ಕೋರಿ" ಎಂದು ರೇಗಿಸುತ್ತಿದ್ದಳು. ಮಕ್ಕಳಿಲ್ಲ. ಆಕೆ ಹೋದ ಮೇಲೆ ನಾನೇ ಒರೆಸುತ್ತೇನೆ.

ಸತ್ತ ಮೇಲೂ ಆಕೆ ವಾರಕ್ಕೊಮ್ಮೆಯಾದರೂ ಕನಸಿಗೆ ಬರುತ್ತಿದ್ದಳು. ಬದುಕಿದ್ದಾಗ ನಮ್ಮ ಶಾಲೆಗೆ ಒಮ್ಮೆಯೂ ಬಂದವಳಲ್ಲ. ಕನಸಿನಲ್ಲಿ ಮಾತ್ರ ನನ್ನ ತರಗತಿಯ ಕಡೆಯ ಬೆಂಚಿನಲ್ಲಿ, ನನ್ನ ದೊಡ್ಡ ಹವಾಯಿ ಚಪ್ಪಲಿ ಹಾಕಿಕೊಂಡು ಕೂತು, "ಇನ್ನಾ ಎಷ್ಟು ಪೀರಿಯಡ್ ಅದಾವ್ರೀ?" ಎನ್ನುತ್ತಿದ್ದಳು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ. ಆದರೆ ಆ ಒಂದು ಕನಸಿನ ಆಸೆಗೆ ಬೇಗ ಬೇಗ ಮಲಗುತ್ತಿದ್ದೆ.

ಹೀಗಿರುವಾಗ ಒಂದು ಮರದ ಆನೆ ಬಂತು. ಮಾರುವವನು ಆನೆ ಎಂದೇ ಬರೆದಿದ್ದ. ಬುದ್ಧನ ತಾಯಿ ಕನಸಿನಲ್ಲಿ ಕಂಡದ್ದು ಆನೆಯನ್ನೇ ಅಲ್ಲವೇ ಎಂದು ಖುಷಿಪಟ್ಟು ದಿಂಬಿನ ಪಕ್ಕ ಇಟ್ಟುಕೊಂಡೆ. ಅಂದಿನಿಂದ ಸುಜಾತಾ ಬರಲಿಲ್ಲ. ಎರಡು ತಿಂಗಳು ಕಾದೆ. ಇದೇ ಹುಚ್ಚಿರುವ ಮುಂಬೈಯ ಗೆಳೆಯರೊಬ್ಬರು ಫೋಟೋ ನೋಡಿ, ಸೊಂಡಿಲು ಆನೆಯದು, ಪಂಜ ಹುಲಿಯದು, ಇದು ಬಾಕು, ಕನಸು ತಿನ್ನುವ ಪ್ರಾಣಿ ಎಂದರು. ನಾನು ನಕ್ಕೆ. ನಕ್ಕವನು ಮರುದಿನವೇ ಅದನ್ನು ಜೇಬಿಗಿಳಿಸಿ ತುರ್ವಿಹಾಳದ ಬಸ್ಸು ಹತ್ತಿದ್ದು ಯಾಕೆ ಎಂದು ಮಾತ್ರ ಕೇಳಬೇಡಿ.

ತುರ್ವಿಹಾಳದಲ್ಲಿ ಸುಜಾತಾಳ ಅಕ್ಕ ಮಲ್ಲಮ್ಮ ಒಬ್ಬಳೇ ಇರುತ್ತಾಳೆ. ನಾಟಿ ಮಾಡುವಾಗ ತನ್ನ ಎಲೆ-ಅಡಿಕೆ ಸಂಚಿ ಸೊಂಟದಿಂದ ಜಾರಿ ಕೆಸರಿಗೆ ಬೀಳುತ್ತದೆಂದು ಎಷ್ಟೋ ಸಲ ಗೊಣಗಿದ್ದಳು. ಸಂಚಿಯ ದಾರವನ್ನು ಬಾಕುವಿನ ತೂತುಗಳಲ್ಲಿ ಪೋಣಿಸಿ ಕೊಟ್ಟೆ. ಆಕೆ ಸೊಂಟಕ್ಕೆ ಸಿಕ್ಕಿಸಿಕೊಂಡು ನಾಲ್ಕು ಹೆಜ್ಜೆ ನಡೆದು, "ಭಾರೀ ಆತ್ರೀ ಮಾಸ್ತರ್ರೀ" ಎಂದಳು. ಅದು ಎಂಥ ಪ್ರಾಣಿ, ನನ್ನ ಕನಸು ಎಂಥದು, ಒಂದಕ್ಷರವೂ ನಾನು ಬಾಯಿ ಬಿಡಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಹೋದಾಗ ಹೊಸ್ತಿಲಲ್ಲೇ ತಡೆದಳು.

"ನಮ್ಮ ಸುಜಾತಾ ಬಂದಿದ್ಲ್ರೀ ಕನಸಿನ್ಯಾಗ! ಸತ್ತಾಗಿಂದ ಒಮ್ಮಿನೂ ಬಂದಿದ್ದಿಲ್ಲ. ಸಾಲ್ಯಾಗ ಬೆಂಚಿನ ಮ್ಯಾಲ ಕುಂತಾಳ, ಕಾಲಾಗ ಗಂಡಸರ ಚಪ್ಪಲಿ. ಇನ್ನಾ ಎಷ್ಟು ಪೀರಿಯಡ್ ಅದಾವ ಅಂತ ನನ್ನ ಕೇಳ್ತಾಳ. ಪೀರಿಯಡ್ ಅಂದ್ರ ಏನ್ರೀ?"

ಅಲ್ಲೇ ಕೂತೆ. ನನ್ನಲ್ಲಿ ತಿಂದ ಕನಸನ್ನು ಇಲ್ಲಿ ಉಗುಳಿದ ಬಾಕುವನ್ನು ವಾಪಸು ಕೇಳಬೇಕೆಂದು ಬಾಯಿ ತೆರೆದೆ. ಮಲ್ಲಮ್ಮ ಅಳುತ್ತಲೇ ನಗುತ್ತಿದ್ದಳು. ಕೇಳಲಾಗಲಿಲ್ಲ.

ಇದಾಗಿ ಕೆಲವು ವರ್ಷಗಳಾದವು. ಕಾಕತಾಳೀಯವೆಂದು ನನಗೆ ನಾನೇ ಎಷ್ಟೋ ಸಲ ಪಾಠ ಮಾಡಿಕೊಂಡಿದ್ದೇನೆ. ಚಪ್ಪಲಿಯ ಹತ್ತಿರ ಬಂದಾಗ ಪಾಠ ನಿಂತುಬಿಡುತ್ತದೆ. ನನ್ನ ನಿದ್ದೆ ಈಗಲೂ ಬರಿದು. ಪ್ರತಿ ಭಾನುವಾರ ತುರ್ವಿಹಾಳಕ್ಕೆ ಹೋಗಿ ನನ್ನ ಹೆಂಡತಿಯ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳಿ ಬರುತ್ತೇನೆ. ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ ಹೇಳಲಿ. ಮೊನ್ನೆ ತಡೆಯಲಾರದೆ, "ನನ್ನ ಬಗ್ಗೆ ಏನರ ಕೇಳಿದ್ಲೇನ್ರೀ ಅಕ್ಕಾ?" ಎಂದೆ.

ಮಲ್ಲಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ನೆನಪು ಮಾಡಿಕೊಂಡಳು.

"ಇಲ್ರೀ ಮಾಸ್ತರ್ರೀ. ಈಗೀಗ ನಾವು ಬರೇ ತವರ್ಮನಿ ಮಾತ ಆಡ್ತೀವಿ."